ವಾರಸುದಾರರಿಲ್ಲದ ದಿನಾರ್

ಐದು ದಿನಾರ್‌ನ ಹಳೆಯ ಇರಾಕಿ ನೋಟೊಂದು ನನ್ನ ಮೇಜಿನ ಮೇಲಿದೆ. ಒಂದು ಮಗ್ಗುಲಲ್ಲಿ ಕಣಿವೆಯ ಬಂಡೆಗಳ ನಡುವೆ ಧುಮುಕುವ ಜಲಪಾತ, ಇನ್ನೊಂದರಲ್ಲಿ ಮರುಭೂಮಿಯ ಕೋಟೆ. ಬೆಳಕಿಗೆ ಹಿಡಿದರೆ ಕಾಗದದ ಒಳಗಿಂದ ಅರಬ್ಬಿ ಕುದುರೆಯ ತಲೆ ಮೂಡುತ್ತದೆ. ಮಡಿಕೆಯ ಗೆರೆಗಳಲ್ಲಿ ಬಣ್ಣ ಹೋಗಿದೆ, ಮೂಲೆಗಳು ಸವೆದು ದುಂಡಗಾಗಿವೆ, ಹರಿದ ಅಂಚಿಗೆ ಯಾರೋ ಅಂಟುಪಟ್ಟಿ ಹಚ್ಚಿದ್ದಾರೆ. ಕಾಗದ ಇಷ್ಟು ಮೆತ್ತಗಾಗಬೇಕಾದರೆ ಎಷ್ಟು ಕೈಗಳನ್ನು ದಾಟಿರಬೇಕು ಎಂದು ಪ್ರತಿ ಸಲ ಅನ್ನಿಸುತ್ತದೆ.

ಬೆಲೆ ಕಳೆದುಕೊಂಡದ್ದನ್ನು ನಾವು ಸವಕಲು ನಾಣ್ಯ ಎನ್ನುತ್ತೇವೆ. ಈ ನೋಟಿನ ಕಥೆ ಆ ಮಾತಿಗೆ ತಿರುವುಮುರುವು. 1993ರಲ್ಲಿ ಅದನ್ನು ಅಚ್ಚು ಹಾಕಿಸಿದ ಸರ್ಕಾರವೇ ಕೈಬಿಟ್ಟಿತು. ಆಮೇಲೆ ಹತ್ತು ವರ್ಷ ಅದಕ್ಕೆ ಕೇಂದ್ರ ಬ್ಯಾಂಕಿರಲಿಲ್ಲ, ಕಾನೂನಿನ ಬೆಂಬಲವಿರಲಿಲ್ಲ, ಚಿನ್ನದ ಆಧಾರವಿರಲಿಲ್ಲ, ಹರಿದರೆ ಬದಲಿಸಿಕೊಡುವ ಕಿಟಕಿಯೂ ಇರಲಿಲ್ಲ. ಆದರೂ ಉತ್ತರ ಇರಾಕಿನ ಕುರ್ದಿಶ್ ಜನ ಅದರಲ್ಲೇ ಅಕ್ಕಿ ಕೊಂಡರು, ಬಾಡಿಗೆ ಕೊಟ್ಟರು, ಮಗಳ ಮದುವೆಗೆ ಕೂಡಿಟ್ಟರು. ದಕ್ಷಿಣದ ಬಾಗ್ದಾದಿನಲ್ಲಿ ಸರ್ಕಾರದ ಮುದ್ರೆ ಹೊತ್ತ ಹೊಸ ನೋಟುಗಳು ಮೂಟೆಗಟ್ಟಲೆ ಬೀದಿಗೆ ಬಂದು ಕಾಗದದ ಬೆಲೆಗೆ ಇಳಿಯುತ್ತಿದ್ದಾಗ, ಕೈಬಿಟ್ಟ ಈ ಹರಕಲು ನೋಟು ನೆಟ್ಟಗೆ ನಿಂತಿತ್ತು. ಹಣ ಎಂದರೇನು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನ ಕೊಟ್ಟ ಅತ್ಯಂತ ಸ್ಪಷ್ಟವಾದ ಉತ್ತರಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಇರಾಕಿನ ದಿನಾರ್ ಹುಟ್ಟಿದ್ದು ನಮ್ಮ ರೂಪಾಯಿಯ ಜಾಗದಲ್ಲಿ. ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಹೊರಟ ಸೇನೆ 1914ರ ನವೆಂಬರಿನಲ್ಲಿ ಬಸ್ರಾವನ್ನೂ 1917ರ ಮಾರ್ಚಿನಲ್ಲಿ ಬಾಗ್ದಾದನ್ನೂ ಹಿಡಿಯಿತು. ಸಿಪಾಯಿಗಳ ಸಂಬಳದ ಜೊತೆ ರೂಪಾಯಿಯೂ ಆ ನಾಡನ್ನು ಹೊಕ್ಕಿತು. ಆಟಮನ್ ಲಿರಾ ಹಿಂದೆ ಸರಿದು ಒಂದೂವರೆ ದಶಕ ರೂಪಾಯಿ, ಆಣೆ, ಪೈಗಳೇ ಅಲ್ಲಿನ ಸಂತೆಯ ಲೆಕ್ಕವಾದವು. 1932ರಲ್ಲಿ ಸ್ವಂತ ನಾಣ್ಯ ಬಂದಾಗ ಒಂದು ದಿನಾರನ್ನು ಒಂದು ಬ್ರಿಟಿಷ್ ಪೌಂಡಿಗೆ ಸಮ ಮಾಡಿದರು. ಹಳೆಯ ರೂಪಾಯಿಗಳನ್ನು 13 ರೂಪಾಯಿ 5 ಆಣೆ 4 ಪೈಗೆ ಒಂದು ದಿನಾರ್‌ನಂತೆ ಬದಲಿಸಿಕೊಟ್ಟರು. ಐದು ದಿನಾರ್ ಎಂದರೆ 66 ರೂಪಾಯಿ 10 ಆಣೆ 8 ಪೈ. ಇರಾಕಿನ ಮಟ್ಟಿಗೆ ಆಗ ಚಲಾವಣೆ ತಪ್ಪಿದ ವಿದೇಶಿ ಹಣ ನಮ್ಮ ರೂಪಾಯಿಯೇ ಆಗಿತ್ತು. ಅಲ್ಲಿನ ಹಣ ಬದಲಿಸುವವರನ್ನು ಇಂದಿಗೂ ಸರ್ರಾಫ್ ಎನ್ನುತ್ತಾರೆ. ನಮ್ಮ ಊರುಗಳ ಸರಾಫರೂ ಆ ಮಾತಿನ ನೆಂಟರೇ.

ಎಣ್ಣೆಯ ಹಣ ಹರಿದುಬಂದ 1970ರ ದಶಕದಲ್ಲಿ ದಿನಾರ್ ಏರಿತು. 1980ರ ಹೊತ್ತಿಗೆ ಅಧಿಕೃತ ದರದಲ್ಲಿ ಒಂದು ದಿನಾರ್‌ಗೆ ಮೂರು ಡಾಲರಿಗೂ ಹೆಚ್ಚು ಬೆಲೆಯಿತ್ತು. ನನ್ನ ಮೇಜಿನ ಮೇಲಿರುವಂಥ ಐದು ದಿನಾರ್ ನೋಟಿಗೆ ಸುಮಾರು 17 ಡಾಲರ್. ಆ ಕಾಲದ ನೋಟುಗಳನ್ನು ಅಚ್ಚು ಹಾಕುತ್ತಿದ್ದುದು ಇಂಗ್ಲೆಂಡಿನ ಡೆ ಲಾ ರೂ ಕಂಪನಿ. ಅಚ್ಚಿನ ಫಲಕಗಳನ್ನು ಕೊರೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಮುಂದೆ ಜನ ಈ ನೋಟುಗಳಿಗೆ ಸ್ವಿಸ್ ದಿನಾರ್ ಎಂದು ಹೆಸರಿಟ್ಟದ್ದು ಅದರಿಂದಲೇ ಎನ್ನುತ್ತಾರೆ. ಹತ್ತು ದಿನಾರ್ ನೋಟಿನಲ್ಲಿ ಬೆಳಕಿನ ಗುಣವನ್ನು ಶೋಧಿಸಿದ ಇಬ್ನ್ ಅಲ್ ಹೈಥಮ್, ಅರ್ಧ ದಿನಾರಿನಲ್ಲಿ ನಕ್ಷತ್ರಗಳನ್ನು ಅಳೆಯುವ ಯಂತ್ರ, ಐದರಲ್ಲಿ ಜಲಪಾತ. ಆ ಜಲಪಾತದ ಹೆಸರು ಗಲಿ ಅಲಿ ಬೇಗ್. ಅದಿರುವುದು ಉತ್ತರದ ಎರ್ಬಿಲ್ ಪ್ರಾಂತ್ಯದ ಕುರ್ದಿಶ್ ಬೆಟ್ಟಗಳಲ್ಲಿ.

1980ರಿಂದ 1988ರವರೆಗೆ ಇರಾನಿನೊಡನೆ ನಡೆದ ಯುದ್ಧ ಖಜಾನೆಯನ್ನು ಬರಿದು ಮಾಡಿತು. ಅಧಿಕೃತ ದರ ಕಾಗದದ ಮೇಲೆ ಹಾಗೆಯೇ ಉಳಿದರೂ ಕಾಳಸಂತೆಯಲ್ಲಿ ದಿನಾರ್ ಕುಸಿದಿತ್ತು. ಯುದ್ಧದ ಕೊನೆಯ ವರ್ಷಗಳಲ್ಲಿ ಸದ್ದಾಂ ಹುಸೇನನ ಸೇನೆ ಕುರ್ದಿಶ್ ಹಳ್ಳಿಗಳ ಮೇಲೆ ಅನ್ಫಾಲ್ ಎಂಬ ಹೆಸರಿನ ಸಂಹಾರ ನಡೆಸಿತು. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿಯಿತು. ನೋಟಿನ ಮೇಲೆ ಯಾರ ಬೆಟ್ಟದ ಜಲಪಾತವಿತ್ತೋ ಆ ಜನಕ್ಕೆ ಬಾಗ್ದಾದಿನ ಮೇಲೆ ಇದ್ದ ನಂಬಿಕೆಯನ್ನು ಅಲ್ಲಿಂದಲೇ ಅಳೆಯಬೇಕು.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ಬಿತ್ತು. ನಾಲ್ಕೇ ದಿನದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 661ನೆಯ ನಿರ್ಣಯದಲ್ಲಿ ವ್ಯಾಪಾರ ದಿಗ್ಬಂಧನ ಹೇರಿತು. ಈ ಘಟ್ಟವನ್ನು ನಮ್ಮ ಕರಾವಳಿಯ ಅನೇಕ ಮನೆಗಳು ಮರೆತಿಲ್ಲ. ಕುವೈತಿನಲ್ಲಿ ದುಡಿಯುತ್ತಿದ್ದ ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಉಳಿದ ಭಾರತೀಯರೊಡನೆ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಬಂದರು. ಹಾಗೆ ಬಂದ ಭಾರತೀಯರು ಸುಮಾರು 1,70,000. ಅವರ ಜೇಬಿನಲ್ಲಿದ್ದ ಕುವೈತಿ ದಿನಾರನ್ನು ಇರಾಕ್ ತನ್ನ ಇಳಿದುಹೋದ ದಿನಾರಿಗೆ ಒಂದಕ್ಕೊಂದು ಸಮ ಎಂದು ಆಜ್ಞೆ ಮಾಡಿ, ಆಮೇಲೆ ರದ್ದೇ ಮಾಡಿತು. ವರ್ಷಗಳ ಬೆವರು ಒಂದು ಆಜ್ಞೆಯಲ್ಲಿ ಕರಗಿತು. 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಅಲ್ಲಿನ ಸರ್ಕಾರ ಹೊಸ ನೋಟು ತಂದಿತು, ಇರಾಕಿಗಳು ದೋಚಿದ ನೋಟುಗಳ ಕ್ರಮಸಂಖ್ಯೆಗಳನ್ನು ಅಮಾನ್ಯ ಮಾಡಿತು.

ದಿಗ್ಬಂಧನದಿಂದ ಇರಾಕಿಗೆ ಇಂಗ್ಲೆಂಡಿನ ಅಚ್ಚುಮನೆ ಮುಚ್ಚಿತು. ಒಳ್ಳೆಯ ಕಾಗದವೂ ಇಲ್ಲ, ಶಾಯಿಯೂ ಇಲ್ಲ. ಸರ್ಕಾರ ಮನೆಯಲ್ಲೇ ಅಚ್ಚಿಗೆ ಇಳಿಯಿತು. ಸಾಮಾನ್ಯ ಕಾಗದದ ಮೇಲೆ ಸದ್ದಾಂನ ಮುಖ ಹೊತ್ತ ನೋಟುಗಳು ಬಂದವು. ಒಂದೊಂದು ಕಂತಿಗೂ ಬಣ್ಣ ಬೇರೆ, ಕತ್ತರಿಸಿದ ಅಳತೆ ಬೇರೆ. ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವುದೇ ಕಷ್ಟ. ಎಣ್ಣೆ ಮಾರುವಂತಿಲ್ಲ, ತೆರಿಗೆ ಹುಟ್ಟುವುದಿಲ್ಲ. ಸೈನಿಕರಿಗೆ, ನೌಕರರಿಗೆ ಸಂಬಳ ಕೊಡಲು ಅಚ್ಚಿನ ಯಂತ್ರವೊಂದೇ ದಾರಿ. 1991ರ ಕೊನೆಗೆ ಸುಮಾರು 2,200 ಕೋಟಿ ದಿನಾರ್ ಇದ್ದ ಚಲಾವಣೆಯ ನಗದು ನಾಲ್ಕು ವರ್ಷಗಳಲ್ಲಿ 58,400 ಕೋಟಿ ದಾಟಿತು. ಆ ವರ್ಷಗಳಲ್ಲಿ ಬೆಲೆಗಳು ವರ್ಷಕ್ಕೆ ಸರಾಸರಿ ಶೇ. 250ರಂತೆ ಏರಿದವು.

ಇತ್ತ ಉತ್ತರದಲ್ಲಿ ಬೇರೆಯೇ ಕಥೆ ನಡೆದಿತ್ತು. 1991ರ ಮಾರ್ಚಿನಲ್ಲಿ ಕುರ್ದಿಶರು ದಂಗೆ ಎದ್ದರು. ಸದ್ದಾಂನ ಪಡೆ ತಿರುಗಿ ಬಿದ್ದಾಗ ಲಕ್ಷಾಂತರ ಜನ ಹಿಮದ ಬೆಟ್ಟ ಹತ್ತಿ ತುರ್ಕಿ, ಇರಾನಿನ ಗಡಿಗಳತ್ತ ಓಡಿದರು. ಜಗತ್ತು ಆ ದೃಶ್ಯ ಕಂಡು ತಡವಾಗಿ ಎಚ್ಚೆತ್ತಿತು. 36ನೆಯ ಅಕ್ಷಾಂಶದ ಉತ್ತರಕ್ಕೆ ಇರಾಕಿ ವಿಮಾನ ಹಾರಕೂಡದೆಂದು ಅಮೆರಿಕ, ಬ್ರಿಟನ್, ಫ್ರಾನ್ಸ್ ಕಟ್ಟಪ್ಪಣೆ ಮಾಡಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಬಾಗ್ದಾದ್ ತನ್ನ ಸೈನಿಕರನ್ನೂ ಅಧಿಕಾರಿಗಳನ್ನೂ ಹಿಂದಕ್ಕೆ ಕರೆಸಿಕೊಂಡಿತು, ಸಂಬಳ ನಿಲ್ಲಿಸಿತು, ಸೀಮೆಎಣ್ಣೆ, ಧಾನ್ಯ ಬಾರದಂತೆ ದಾರಿ ಕಟ್ಟಿತು. ಹೀಗೆ ಕುರ್ದಿಶ್ ನಾಡಿನ ಮೇಲೆ ಎರಡು ದಿಗ್ಬಂಧನ ಬಿದ್ದವು: ಇರಾಕಿನ ಮೇಲೆ ಜಗತ್ತಿನದು, ಅವರ ಮೇಲೆ ಇರಾಕಿನದು. 1992ರ ಮೇ ತಿಂಗಳಲ್ಲಿ ಅವರು ಚುನಾವಣೆ ನಡೆಸಿ ತಮ್ಮದೇ ಆಡಳಿತ ಕಟ್ಟಿಕೊಂಡರು. ಅದನ್ನು ಯಾವ ದೇಶವೂ ರಾಜ್ಯವೆಂದು ಒಪ್ಪಲಿಲ್ಲ.

1993ರ ಮೇ ತಿಂಗಳಲ್ಲಿ ಬಾಗ್ದಾದಿನ ಕೇಂದ್ರ ಬ್ಯಾಂಕ್ ಹಳೆಯ 25 ದಿನಾರ್ ನೋಟುಗಳನ್ನು ರದ್ದು ಮಾಡುತ್ತೇವೆ, ಮೂರು ವಾರದೊಳಗೆ ತಂದು ಹೊಸದು ಪಡೆಯಿರಿ ಎಂದು ಸಾರಿತು. ಜನ ಉಳಿತಾಯಕ್ಕೆಂದು ಮಡಿಸಿಟ್ಟಿದ್ದ ದೊಡ್ಡ ನೋಟು ಅದೇ. ಹೊರಗಿನ ನೋಟು ಒಳಗೆ ಬಾರದಂತೆ ಗಡಿಗಳನ್ನು ಕೆಲವು ದಿನ ಮುಚ್ಚಿದರು. ಜೋರ್ಡಾನಿನ ವ್ಯಾಪಾರಿಗಳ ಬಳಿ ರಾಶಿ ಬಿದ್ದಿದ್ದ ದಿನಾರ್ ಅಲ್ಲೇ ಕೊಳೆಯಿತು. ಕುರ್ದಿಶ್ ನಾಡಿನವರಿಗೂ ಬದಲಾವಣೆಯ ಅವಕಾಶ ಕೊಡಲಿಲ್ಲ. ಅವರ ಕೈಯಲ್ಲಿ ಉಳಿದದ್ದನ್ನು ಒಂದೇ ಏಟಿಗೆ ಕಸ ಮಾಡಬೇಕೆಂಬುದೇ ಉದ್ದೇಶ. ನಮ್ಮ ದೊಡ್ಡ ನೋಟುಗಳು ರದ್ದಾದ 2016ರ ನವೆಂಬರ್ 8ರ ರಾತ್ರಿಯ ನಂತರ ಬ್ಯಾಂಕಿನ ಮುಂದೆ ಸಾಲು ನಿಂತ ನಮಗೆ ಆ ದಿಗಿಲು ಸ್ವಲ್ಪ ತಿಳಿದೀತು. ನಮಗೆ ಸಾಲಾದರೂ ಇತ್ತು. ಮನೆಯಲ್ಲಿ ಭಾರತದ ನೋಟು ಕೂಡಿಟ್ಟಿದ್ದ ನೇಪಾಳದ ಸಾಮಾನ್ಯರಿಗೆ ಅದೂ ಇರಲಿಲ್ಲ. 1993ರಲ್ಲಿ ಕುರ್ದಿಶರು ನಿಂತದ್ದು ಅಂಥ ಜಾಗದಲ್ಲಿ: ಕೈಯಲ್ಲಿರುವ ನೋಟನ್ನು ರದ್ದು ಮಾಡಿದ ಸರ್ಕಾರ ಅವರದಲ್ಲ, ಹೊಸ ನೋಟು ಕೊಡಬಲ್ಲ ಸರ್ಕಾರ ಅವರಿಗಿಲ್ಲ.

ಎರ್ಬಿಲ್, ಸುಲೇಮಾನಿಯಾ, ದುಹೋಕ್ ಪೇಟೆಗಳಲ್ಲಿ ದೊಡ್ಡ ಮೊತ್ತದ ಉಳಿತಾಯ ಮಣ್ಣಾಯಿತು ಎಂಬ ಗೋಳು ಎದ್ದಿತು. ಬಾಗ್ದಾದಿನ ಜೊತೆ ವ್ಯಾಪಾರ ಇದ್ದವರಿಗೆ ನಷ್ಟ ತಟ್ಟಿತು. ಆದರೆ ಪೇಟೆಗೆ ನಾಳೆ ಬೆಳಿಗ್ಗೆ ಏನಾದರೊಂದು ಹಣ ಬೇಕಲ್ಲ? ಸದ್ದಾಂನ ನೋಟು ಮುಟ್ಟಲು ಮನಸ್ಸಿಲ್ಲ. ಮುಟ್ಟಿದರೂ ಅದು ತಿಂಗಳೊಳಗೆ ಅರ್ಧವಾಗುತ್ತದೆಂಬ ಭಯ. ಡಾಲರ್, ತುರ್ಕಿ ಲಿರಾ ದೊಡ್ಡ ವ್ಯಾಪಾರಕ್ಕೆ ಸರಿ, ಸೊಪ್ಪಿನಂಗಡಿಗೆ ಅಲ್ಲ. ಹೀಗಾಗಿ ಹಳೆಯ ನೋಟುಗಳೇ ಕೈಯಿಂದ ಕೈಗೆ ನಡೆದವು. ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ನೀನು ತೆಗೆದುಕೊಂಡರೆ ನಾನೂ ತೆಗೆದುಕೊಳ್ಳುತ್ತೇನೆ ಎಂಬ ಒಪ್ಪಂದ ಅಂಗಡಿಯ ಗಲ್ಲೆಯ ಮೇಲೆ, ಮಾತಿಲ್ಲದೆ ಆಯಿತು. ರದ್ದಾದ 25ರ ನೋಟು ಕೂಡ ಅಲ್ಲಿ ಮತ್ತೆ ನಡೆಯತೊಡಗಿತು.

ಆ ನೋಟಿಗೆ ಒಂದು ಗುಣವಿತ್ತು. ಅದನ್ನು ಇನ್ನು ಯಾರೂ ಅಚ್ಚು ಹಾಕುವಂತಿರಲಿಲ್ಲ. ಬಾಗ್ದಾದಿಗೆ ಬೇಡ, ಇಂಗ್ಲೆಂಡಿನ ಅಚ್ಚುಮನೆಗೆ ದಿಗ್ಬಂಧನದ ತಡೆ, ಕುರ್ದಿಶ್ ಆಡಳಿತದ ಬಳಿ ಯಂತ್ರವಿಲ್ಲ. ಒಳ್ಳೆಯ ಕಾಗದ, ಆಳವಾದ ಕೆತ್ತನೆ, ನೀರಿನಚ್ಚಿನ ಕುದುರೆ ಇದ್ದುದರಿಂದ ಖೋಟಾ ಮಾಡುವುದೂ ಸುಲಭವಿರಲಿಲ್ಲ. ಇದ್ದಷ್ಟೇ ನೋಟು, ಅದರಲ್ಲೂ ವರ್ಷ ವರ್ಷ ಹರಿದು ಕಡಿಮೆಯಾಗುವುದೇ ಹೊರತು ಹೆಚ್ಚಾಗುವುದಿಲ್ಲ. ಜನ ಅಂಟುಪಟ್ಟಿ ಹಚ್ಚಿ, ಬೆನ್ನಿಗೆ ಕಾಗದ ಅಂಟಿಸಿ ನೋಟಿನ ಆಯುಸ್ಸು ಬೆಳೆಸಿದರು. ಕನ್ನಡದಲ್ಲಿ ನಾಣ್ಯ ಎಂಬ ಮಾತಿಗೆ ದುಡ್ಡು ಎಂಬ ಅರ್ಥದ ಜೊತೆ ಅಚ್ಚುಕಟ್ಟು, ಅಪ್ಪಟ ಎಂಬ ಅರ್ಥವೂ ಇದೆ. ನಾಣ್ಯವಾದ ಕೆಲಸ ಎನ್ನುತ್ತೇವಲ್ಲ, ಹಾಗೆ. ಸ್ವಿಸ್ ದಿನಾರ್ ಎರಡೂ ಅರ್ಥದಲ್ಲಿ ನಾಣ್ಯವಾಗಿತ್ತು. ಸದ್ದಾಂ ದಿನಾರಿಗೆ ಮೊದಲನೆಯ ಅರ್ಥ ಮಾತ್ರ, ಅದೂ ಕಾನೂನಿನ ಬಲದಿಂದ.

ದಕ್ಷಿಣದ ಸಂಕಟವನ್ನೂ ಇಲ್ಲಿ ಹೇಳಬೇಕು. ಬಾಗ್ದಾದಿನ ಸಾಮಾನ್ಯ ಜನ ತಮ್ಮ ಅರಸನ ತಪ್ಪಿಗೆ ದಂಡ ತೆತ್ತರು. ಉಪಾಧ್ಯಾಯರ ತಿಂಗಳ ಸಂಬಳ ಕೆಲವೇ ಡಾಲರಿಗೆ ಇಳಿಯಿತು. ಪ್ರಾಧ್ಯಾಪಕರು ಮುತನಬ್ಬಿ ಬೀದಿಯ ಹಳೆಯ ಪುಸ್ತಕದ ಸಾಲಿನಲ್ಲಿ ತಮ್ಮ ಗ್ರಂಥಗಳನ್ನು ಮಾರಿ ಹಿಟ್ಟು ಕೊಂಡರು. 1995ರ ಕೊನೆಗೆ ಒಂದು ಡಾಲರಿಗೆ ಸುಮಾರು 3,000 ಸದ್ದಾಂ ದಿನಾರ್ ಕೊಡಬೇಕಾಗಿತ್ತು. ಎಣ್ಣೆ ಮಾರಿ ಆಹಾರ ತರಿಸಿಕೊಳ್ಳುವ ಏರ್ಪಾಡಿಗೆ ಇರಾಕ್ ಒಪ್ಪಬಹುದೆಂಬ ಸುದ್ದಿ 1996ರ ಆರಂಭದಲ್ಲಿ ಹಬ್ಬಿದಾಗ ಡಾಲರ್ ದರ ಒಮ್ಮೆಲೇ ಬಿತ್ತು. ಒಂದು ಚೀಲ ಗೋಧಿ ಬರುವ ಮೊದಲೇ, ಬರಿಯ ಸುದ್ದಿಗೆ ಹಣದ ಬೆಲೆ ಬದಲಾಯಿತು. ಈ ಸಂಗತಿ ಮುಂದೆ ಮತ್ತೆ ಬರುತ್ತದೆ.

ಉತ್ತರದ ಬದುಕೂ ಸುಖದ್ದಾಗಿರಲಿಲ್ಲ. 1994ರಲ್ಲಿ ಕುರ್ದಿಶ್ ನಾಯಕರಾದ ಬರ್ಜಾನಿಯ ಪಕ್ಷಕ್ಕೂ ತಲಬಾನಿಯ ಪಕ್ಷಕ್ಕೂ ಕಾಳಗ ಹತ್ತಿತು. 1996ರ ಆಗಸ್ಟ್ ಕೊನೆಗೆ ಬರ್ಜಾನಿ ಸದ್ದಾಂನ ಟ್ಯಾಂಕುಗಳ ನೆರವನ್ನೇ ಪಡೆದು ಎರ್ಬಿಲನ್ನು ಹಿಡಿದರು. ನಾಡು ಎರಡು ಆಡಳಿತಗಳಾಗಿ ಒಡೆಯಿತು. ಎರ್ಬಿಲ್ ಕಡೆಯವರು ತುರ್ಕಿಯ ಗಡಿಯ ಇಬ್ರಾಹಿಂ ಖಲೀಲ್ ಸುಂಕದಕಟ್ಟೆಯಿಂದ ಡೀಸೆಲ್ ಲಾರಿಗಳ ಸುಂಕ ಎತ್ತಿದರು. ಸುಲೇಮಾನಿಯಾದವರು ಇರಾನಿನ ಕಡೆಯ ವ್ಯಾಪಾರ ನಂಬಿದರು. ಧ್ವಜ ಬೇರೆ, ಪೊಲೀಸು ಬೇರೆ, ದ್ವೇಷ ರಕ್ತದ್ದು. ಆದರೆ ಎರಡೂ ಕಡೆ ನಡೆದದ್ದು ಒಂದೇ ಹರಕಲು ದಿನಾರ್. ಅದು ಯಾರದೂ ಆಗಿರಲಿಲ್ಲ, ಆದ್ದರಿಂದ ಇಬ್ಬರಿಗೂ ಒಪ್ಪಿತವಾಗಿತ್ತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸುವ ಸಂಗತಿ ಇದು.

ಅರ್ಥಶಾಸ್ತ್ರಜ್ಞರಿಗೆ ಇದು ದೊಡ್ಡ ಒಗಟಾಯಿತು. ಹಿಂದೆ ಯಾರೂ ನಿಂತಿಲ್ಲದ ಕಾಗದಕ್ಕೆ ಬೆಲೆ ಹೇಗೆ? ಸಂಖ್ಯೆ ನಿಂತುಹೋದದ್ದೇ ಕಾರಣ, ಅದರ ಜೊತೆಗೆ ಕೈ ಬಳಕೆಯ ರೂಢಿ ಎಂದು ಕೆಲವರು ವಾದಿಸಿದರು. ಆಗ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮರ್ವಿನ್ ಕಿಂಗ್ 2004ರ ಜನವರಿಯ ಒಂದು ಉಪನ್ಯಾಸದಲ್ಲಿ ಇನ್ನೊಂದು ಮಾತು ಮುಂದಿಟ್ಟರು: ಸಂಖ್ಯೆಯಷ್ಟೇ ಅಲ್ಲ, ಮುಂದೊಂದು ದಿನ ನಂಬಬಹುದಾದ ಸರ್ಕಾರ ಬಂದು ಈ ನೋಟನ್ನು ಮನ್ನಿಸೀತು ಎಂಬ ನಿರೀಕ್ಷೆಯೇ ಅದರ ಬೆಲೆ. ಮೊದಲ ವಾದದವರು ಸೊಮಾಲಿಯಾದತ್ತ ಬೆರಳು ತೋರಿಸುತ್ತಾರೆ. ಅಲ್ಲಿ 1991ರಲ್ಲಿ ಸರ್ಕಾರವೂ ಕೇಂದ್ರ ಬ್ಯಾಂಕೂ ಮುಳುಗಿದ ಮೇಲೂ ಹಳೆಯ ಶಿಲಿಂಗ್ ನಡೆಯಿತು. ಆದರೆ ಸೇನಾ ನಾಯಕರು, ವ್ಯಾಪಾರಿಗಳು ವಿದೇಶದಲ್ಲಿ ಅಂಥದೇ ನೋಟು ಅಚ್ಚು ಹಾಕಿಸಿ ತಂದು ಸುರಿದರು. 1,000 ಶಿಲಿಂಗ್ ನೋಟಿನ ಬೆಲೆ ಇಳಿಯುತ್ತಾ ಇಳಿಯುತ್ತಾ ಅದನ್ನು ಅಚ್ಚು ಹಾಕುವ ಖರ್ಚಿನ ಹತ್ತಿರ ಬಂದು ನಿಂತಿತು. ಎರಡೂ ಕಡೆ ನೋಟಿನ ಹಿಂದೆ ಸರ್ಕಾರವಿರಲಿಲ್ಲ. ಒಂದು ಕಡೆ ಅಚ್ಚು ನಿಂತಿತ್ತು, ಇನ್ನೊಂದು ಕಡೆ ನಿಂತಿರಲಿಲ್ಲ.

ನನಗೆ ಎರಡು ವಾದಗಳೂ ಬೇಕೆನಿಸುತ್ತವೆ. ನೋಟು ಹತ್ತು ವರ್ಷ ಬದುಕಿದ್ದಕ್ಕೆ ಕಾರಣ ಅಚ್ಚು ನಿಂತದ್ದು. ಆದರೆ ಕೊನೆಯ ಎರಡು ವರ್ಷಗಳಲ್ಲಿ ಅದರ ಬೆಲೆ ನಡೆದ ರೀತಿಯನ್ನು ಕಿಂಗ್ ಅವರ ಮಾತಿಲ್ಲದೆ ವಿವರಿಸಲಾಗದು. 2002ರ ಸುಮಾರಿಗೆ ಒಂದು ಡಾಲರಿಗೆ 18 ಸ್ವಿಸ್ ದಿನಾರ್ ಕೊಡಬೇಕಿತ್ತು. ನನ್ನ ಐದು ದಿನಾರ್ ನೋಟಿಗೆ 28 ಸೆಂಟ್. ಅಮೆರಿಕ ಇರಾಕಿನ ಮೇಲೆ ದಂಡೆತ್ತಿ ಬರುತ್ತದೆ ಎಂಬ ಮಾತು ಬಲಿಯುತ್ತಿದ್ದಂತೆ ದಿನಾರ್ ಮೇಲೇರಿತು. 2003ರ ಮಾರ್ಚ್ 20ರಂದು ಯುದ್ಧ ಶುರುವಾಯಿತು, ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಮೇ ಆರಂಭದಲ್ಲಿ ಡಾಲರಿಗೆ ಸುಮಾರು 6 ಸ್ವಿಸ್ ದಿನಾರ್ ಸಾಕಾಗುತ್ತಿತ್ತು. ಆ ನಡುವೆ ಒಂದು ನೋಟೂ ಹೆಚ್ಚಾಗಿರಲಿಲ್ಲ, ಒಂದು ನೋಟೂ ಕಡಿಮೆಯಾಗಿರಲಿಲ್ಲ ಎನ್ನಬಹುದು. ಬದಲಾದದ್ದು ನಾಳೆಯ ಮೇಲಿನ ಲೆಕ್ಕಾಚಾರ. ಸದ್ದಾಂ ಬೀಳುತ್ತಾನೆ, ಹೊಸ ಸರ್ಕಾರ ಬರುತ್ತದೆ, ಅದು ಹಳೆಯ ನೋಟನ್ನು ಕೈಬಿಡಲಾರದು ಎಂದು ಎರ್ಬಿಲ್‌ನ ಸರಾಫ ಯೋಚಿಸಿದ. ಜಗತ್ತಿನ ರಾಯಭಾರಿಗಳು ಏನು ಹೇಳುತ್ತಿದ್ದಾರೆ ಎಂಬುದಕ್ಕಿಂತ ಅವನ ಹಲಗೆಯ ಮೇಲಿನ ದರ ಯುದ್ಧದ ಸುದ್ದಿಯನ್ನು ಚೆನ್ನಾಗಿ ಹೇಳುತ್ತಿತ್ತು.

ಸದ್ದಾಂ ಬಿದ್ದ ಮೇಲೂ ಅವನ ನೋಟು ಬೀಳಲಿಲ್ಲ. ಬಾಂಬು ಬೀಳುವ ಮುನ್ನ, ಮಾರ್ಚ್ 18ರಂದು, ಅವನ ಮಗ ಕುಸೇ ಕೇಂದ್ರ ಬ್ಯಾಂಕಿನಿಂದ ಸುಮಾರು 100 ಕೋಟಿ ಡಾಲರ್ ನಗದನ್ನು ಲಾರಿಗಳಲ್ಲಿ ಸಾಗಿಸಿದ. ಆಮೇಲೆ ಬ್ಯಾಂಕುಗಳ ಲೂಟಿ ನಡೆಯಿತು. 2002ರಲ್ಲಿ ಬಂದಿದ್ದ 10,000 ದಿನಾರ್ ನೋಟುಗಳ ಕಟ್ಟುಗಳು ಕಳ್ಳರ ಪಾಲಾದವು, ಖೋಟಾ ನೋಟಿನ ಭಯ ಹಬ್ಬಿತು. ಆ ನೋಟನ್ನು ಅಂಗಡಿಯವರು ಮುಖಬೆಲೆಗಿಂತ ಕಡಿಮೆಗೆ ತೆಗೆದುಕೊಂಡರು. 250ರ ನೋಟಿಗೆ ಬೇಡಿಕೆ ಎಷ್ಟಾಯಿತೆಂದರೆ, ಅಮೆರಿಕನ್ ಆಡಳಿತ 2003ರ ಬೇಸಿಗೆಯಲ್ಲಿ ಸದ್ದಾಂನ ಮುಖವಿರುವ 250ರ ನೋಟನ್ನು ತಾನೇ ಮತ್ತೆ ಅಚ್ಚು ಹಾಕಿಸಬೇಕಾಯಿತು. ಊರ ಚೌಕದಲ್ಲಿ ಪ್ರತಿಮೆ ಉರುಳಿಸಿದವರೇ ಜನರ ಸಂಬಳಕ್ಕಾಗಿ ಅವನ ಚಿತ್ರ ಮುದ್ರಿಸಿದರು. ಬೇರೆ ದಾರಿ ಇರಲಿಲ್ಲ.

ಜುಲೈ 7ರಂದು ಅಮೆರಿಕನ್ ಆಡಳಿತದ ಮುಖ್ಯಸ್ಥ ಪಾಲ್ ಬ್ರೆಮರ್ ಹೊಸ ದಿನಾರ್ ಘೋಷಿಸಿದರು. ಒಂದು ಸದ್ದಾಂ ದಿನಾರಿಗೆ ಒಂದು ಹೊಸ ದಿನಾರ್. ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್. ಹತ್ತು ವರ್ಷ ಯಾವ ಸರ್ಕಾರದ ಪಟ್ಟಿಯಲ್ಲೂ ಇಲ್ಲದಿದ್ದ ನೋಟಿಗೆ ಮತ್ತೆ ಅಧಿಕೃತ ದರ ಸಿಕ್ಕಿತು. ಈ 150 ನ್ಯಾಯವೇ ಎಂಬ ಬಗ್ಗೆ ಇನ್ನೂ ಭಿನ್ನಾಭಿಪ್ರಾಯವಿದೆ. ಸದ್ದಾಂ ಬಿದ್ದ ಹೊಸದರಲ್ಲಿ ಪೇಟೆಯಲ್ಲಿ ಒಂದು ಸ್ವಿಸ್ ದಿನಾರ್ ಸುಮಾರು 300 ಸದ್ದಾಂ ದಿನಾರ್‌ವರೆಗೆ ಏರಿತ್ತು. ಆ ದರದಲ್ಲಿ ಕೊಂಡವರು ಅರ್ಧ ಕಳೆದುಕೊಂಡರು. ಎರಡೂ ಕಡೆಯ ಅಕ್ಕಿ, ಮಾಂಸ, ಬಾಡಿಗೆಗಳನ್ನು ತೂಗಿ ನೋಡಿದರೆ 150 ಸರಿಯಾದ ದರ ಎಂದು ಸಮರ್ಥಿಸಿದವರೂ ಇದ್ದಾರೆ. ನನ್ನ ತೀರ್ಪು ಸಮರ್ಥಿಸಿದವರ ಕಡೆ. 300 ಎಂಬುದು ಯುದ್ಧದ ಜ್ವರದ ದರ; ಬದುಕಿನ ದರವಲ್ಲ.

ಹೊಸ ನೋಟು ಅಚ್ಚು ಹಾಕಿದ್ದು ಮತ್ತೆ ಅದೇ ಡೆ ಲಾ ರೂ. ಮೂರು ತಿಂಗಳಲ್ಲಿ ಒಂದು ದೇಶದ ಅಷ್ಟೂ ಹಣ ಸಿದ್ಧವಾಗಿ ಜಂಬೊ ವಿಮಾನಗಳಲ್ಲಿ ಬಾಗ್ದಾದಿಗೆ ಬಂತು. 2003ರ ಅಕ್ಟೋಬರ್ 15ರಿಂದ 2004ರ ಜನವರಿ 15ರವರೆಗೆ ಬ್ಯಾಂಕ್ ಶಾಖೆಗಳಲ್ಲಿ ಬದಲಾವಣೆ ನಡೆಯಿತು. ದಕ್ಷಿಣದಲ್ಲಿ ಜನ ಗೋಣಿಚೀಲಗಳಲ್ಲಿ ನೋಟು ತಂದರು. ಉತ್ತರದಲ್ಲಿ ಕೈಯಲ್ಲೊಂದು ಸಣ್ಣ ಕಟ್ಟು ಸಾಕಾಗಿತ್ತು. ಐದು ದಿನಾರ್ ಕೊಟ್ಟವರಿಗೆ 750 ಹೊಸ ದಿನಾರ್ ಸಿಕ್ಕಿತು, ಆಗಿನ ಡಾಲರ್ ದರದಲ್ಲಿ ಸುಮಾರು 37 ಸೆಂಟ್. 1980ರ 17 ಡಾಲರಿನ ಪಕ್ಕದಲ್ಲಿಟ್ಟರೆ ಇದು ಹೊಟ್ಟೆ ತುಂಬದ ಮೊತ್ತ. ಆದರೆ 1993ರಲ್ಲಿ ಬಾಗ್ದಾದ್ ಈ ಜನಕ್ಕೆ ಕೊಡಲು ಒಪ್ಪಿದ್ದು ಸೊನ್ನೆ.

ಹೊಸ ದಿನಾರಿನ ಮೇಲೆ ಬೇರೊಂದು ಭ್ರಮೆ ಬೆಳೆಯಿತು. ದಿನಾರ್ ಮತ್ತೆ ಮೂರು ಡಾಲರಿಗೆ ಏರುತ್ತದೆ, ಈಗಲೇ ಕೊಂಡಿಟ್ಟರೆ ಕೋಟ್ಯಧಿಪತಿಗಳಾಗಬಹುದು ಎಂದು ನಂಬಿಸಿ ಅಮೆರಿಕದಲ್ಲಿ ದಲ್ಲಾಳಿಗಳು ಸಾವಿರಾರು ಜನಕ್ಕೆ ನೋಟಿನ ಕಂತೆ ಮಾರಿದರು. ಕೆಲವರು ಜೈಲಿಗೂ ಹೋದರು. ಸ್ವಿಸ್ ದಿನಾರ್ ಏರಿತಲ್ಲ, ಇದೂ ಏರುತ್ತದೆ ಎಂಬ ವಾದದಲ್ಲಿ ಕಾರಣವೇ ಬಿಟ್ಟುಹೋಗಿದೆ. ಸ್ವಿಸ್ ದಿನಾರ್ ಬೆರಳೆಣಿಕೆಯ ಹಣ, ಮತ್ತೆ ಅಚ್ಚಾಗದ ಹಣ. ಹೊಸ ದಿನಾರ್ ಲಕ್ಷಾಂತರ ಕೋಟಿಗಳಲ್ಲಿದೆ, ದಿನವೂ ಅಚ್ಚಾಗಬಲ್ಲದು. ಇರಾಕಿನ ಕೇಂದ್ರ ಬ್ಯಾಂಕ್ 2020ರ ಡಿಸೆಂಬರಿನಲ್ಲಿ ಅದರ ಬೆಲೆಯನ್ನು ಡಾಲರಿಗೆ 1,450ರ ಮಟ್ಟಕ್ಕೆ ಇಳಿಸಿತು, 2023ರ ಫೆಬ್ರುವರಿಯಲ್ಲಿ 1,300ರ ಮಟ್ಟಕ್ಕೆ ಏರಿಸಿತು. ಇಂಥದ್ದು ಅದರ ಏರಿಳಿತ. ಸತ್ತ ವಿದೇಶಿ ನೋಟನ್ನೋ ಬಡವಾದ ವಿದೇಶಿ ನೋಟನ್ನೋ ನಾಳೆ ಚಿನ್ನವಾಗುತ್ತದೆಂದು ಯಾರಾದರೂ ನಿಮ್ಮ ಕೈಗಿಟ್ಟರೆ ಎರಡು ಪ್ರಶ್ನೆ ಕೇಳಿ: ಇಂಥವು ಎಷ್ಟಿವೆ, ಇವನ್ನು ಮನ್ನಿಸುವವರು ಯಾರು?

2004ರ ಜನವರಿ 15ರ ನಂತರ ಸ್ವಿಸ್ ದಿನಾರ್ ನಿಜವಾಗಿ ಸತ್ತಿತು. ಕಿಟಕಿ ಮುಚ್ಚಿದ ಮೇಲೆ ಉಳಿದ ನೋಟುಗಳು ಸಂಗ್ರಾಹಕರ ಆಲ್ಬಮ್ಮಿಗೆ ಹೋದವು. ಅಲ್ಲಿ ಮಡಿಕೆಯಿಲ್ಲದ, ಗರಿಗರಿಯಾದ ನೋಟಿಗೆ ಹೆಚ್ಚು ಬೆಲೆ. ಅಂಟುಪಟ್ಟಿ ಹಚ್ಚಿದ್ದಕ್ಕೆ ಏನೂ ಇಲ್ಲ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಗರಿಗರಿ ನೋಟು ಪೆಟ್ಟಿಗೆಯಲ್ಲಿ ಮಲಗಿದ್ದದ್ದು. ಅಂಟುಪಟ್ಟಿಯ ನೋಟು ಒಂದು ಜನಾಂಗವನ್ನು ಹತ್ತು ವರ್ಷ ಸಾಕಿದ್ದು.

ಹೊಸ ನೋಟುಗಳಿಗೆ ಚಿತ್ರ ಆರಿಸುವಾಗ ಸದ್ದಾಂನ ಮುಖ ಬಿಟ್ಟು, ಹಳೆಯ ಸ್ವಿಸ್ ನೋಟಿನ ಚಿತ್ರಗಳನ್ನೇ ಬಹುಪಾಲು ಮರಳಿ ತಂದರು. 10,000ದ ನೋಟಿನಲ್ಲಿ ಇಬ್ನ್ ಅಲ್ ಹೈಥಮ್ ಬಂದ, ಬೆನ್ನಿಗೆ ಮೋಸುಲ್‌ನ ವಾಲಿದ ಮಿನಾರು ಬಂತು. ಆ ಮಿನಾರನ್ನು ಐಸಿಸ್ 2017ರ ಜೂನಿನಲ್ಲಿ ಸ್ಫೋಟಿಸಿತು. 5,000 ದಿನಾರ್ ನೋಟಿನ ಮುಂಭಾಗದಲ್ಲಿ ಇರುವುದು ನನ್ನ ಮೇಜಿನ ಮೇಲಿನ ಐದು ದಿನಾರಿನಲ್ಲಿರುವ ಅದೇ ಗಲಿ ಅಲಿ ಬೇಗ್ ಜಲಪಾತ.